ಕೊಕ್ಕರೆ ಅಂಚು ಹುಬ್ಬಳ್ಳಿಗೆ ಹೋದ ದಾರಿ

ನಮ್ಮ ಮಗ್ಗದ ಶೆಡ್ಡಿನ ಒಳಗೋಡೆಯ ತುಂಬ ಫೋನ್ ನಂಬರುಗಳಿದ್ದವು. ಸೀಮೆಸುಣ್ಣದಲ್ಲಿ ಕೆಲವು, ಇದ್ದಿಲಿನಲ್ಲಿ ಕೆಲವು, ಪೆನ್ನಿನಲ್ಲಿ ಗೀಚಿ ಗೀಚಿ ಸುಣ್ಣವೇ ಕಿತ್ತುಬಂದವು ಕೆಲವು. ಜರಿ ಅಂಗಡಿ, ಮಗ್ಗ ರಿಪೇರಿಯವರು, ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ನಮಗೆ ರೇಷ್ಮೆ ಹುರಿ ಮಾಡಿಕೊಡುವವರು, ಅತ್ತೆಯ ಪಕ್ಕದ ಮನೆ. ಒಂದು ವರ್ಷ ದೊಡ್ಡಬಳ್ಳಾಪುರದಲ್ಲಿ ಫೋನ್ ನಂಬರುಗಳೆಲ್ಲ ಬದಲಾದವು. ಅರ್ಧ ಗೋಡೆ ಸುಳ್ಳಾಗಿಹೋಯಿತು. ಅಪ್ಪ ಒಂದನ್ನೂ ಅಳಿಸಲಿಲ್ಲ. ಜರಿ ಅಂಗಡಿಗೆ ಅಂತ ಗೋಡೆ ನೋಡಿ ತಿರುಗಿಸಿದರೆ ಯಾವುದೋ ಕೋಳಿ ಫಾರಂ ಸಿಗುತ್ತಿತ್ತು.

"ಎಷ್ಟ್ ಮೊಟ್ಟೆ ಬೇಕು ಸಾರ್?" ಅಂತ ಆ ಕಡೆಯಿಂದ.

"ನಿಮ್ಮ ಕೋಳಿ ಜರಿ ಇಡಲ್ವೇನಪ್ಪಾ?" ಅಂತ ಅಪ್ಪ. ಫೋನ್ ಕುಕ್ಕಿ, ಮುಂದಿನ ವಾರ ಮತ್ತೆ ಅದೇ ನಂಬರು ತಿರುಗಿಸುತ್ತಿದ್ದರು.

ಇಂಟರ್ನೆಟ್ಟಿನಲ್ಲಿ ಹೆಸರುಗಳ ವ್ಯವಹಾರ ಹೇಗೆ ನಡೆಯುತ್ತದೆ ಅಂತ ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಆ ಗೋಡೆ. ಅಲ್ಲಿ ಒಂದೊಂದು ಮಿಷನ್ನಿಗೂ ಒಂದೊಂದು ನಂಬರು. ನಂಬರು ಮನುಷ್ಯರಿಗೆ ನೆನಪಿರುವುದಿಲ್ಲ, ಅದಕ್ಕೆ ಹೆಸರು. ಮೊದಮೊದಲು ಯಾವ ಹೆಸರಿಗೆ ಯಾವ ನಂಬರು ಅಂತ ಒಂದೇ ಒಂದು ಪಟ್ಟಿ ಇತ್ತಂತೆ, ಎಲ್ಲರೂ ಅದನ್ನು ನಕಲು ಮಾಡಿ ತಮ್ಮಲ್ಲಿ ಇಟ್ಟುಕೊಳ್ಳುತ್ತಿದ್ದರಂತೆ. ಪಟ್ಟಿ ಬೆಳೆಯಿತು, ಬೆಳೆದಂತೆ ಹಳಸಿತು. ಆಮೇಲೆ ಬರೆದಿಟ್ಟುಕೊಳ್ಳುವುದನ್ನು ಬಿಟ್ಟು, ಬೇಕಾದಾಗ ಕೇಳಿಕೊಂಡು ಹೋಗುವ ಏರ್ಪಾಡು ಮಾಡಿದರು. ಇದನ್ನು ಓದಿದ ದಿನ ನಾನು ಓಡಿಹೋಗಿ ಅಪ್ಪನಿಗೆ ಹೇಳಿದೆ. ಅವರು ಲಾಳಿಗೆ ನೂಲು ಹಾಕುತ್ತಾ, "ಸರಿ, ಮೊಟ್ಟೆ ಬೇಕಾದ್ರೆ ಏನ್ ಮಾಡೋದು?" ಅಂದರು.

ಇದನ್ನೆಲ್ಲ ನನಗೆ ಯಾರೂ ಹೇಳಿಕೊಡಲಿಲ್ಲ. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದೆ. ಬೆಂಗಳೂರಿನ ಫುಟ್‌ಪಾತಿನಲ್ಲಿ ಸಿಕ್ಕ, ಕೊನೆಯ ಹಾಳೆಗಳು ಹರಿದುಹೋಗಿದ್ದ ದಪ್ಪ ಇಂಗ್ಲಿಷ್ ಪುಸ್ತಕವೊಂದಿತ್ತು, ಪಕ್ಕದಲ್ಲಿ ಡಿಕ್ಷನರಿ. ಅರ್ಥವಾಗದ್ದನ್ನು ಕಂಪ್ಯೂಟರ್ ಸೆಂಟರಿನಲ್ಲಿ ಮಾಡಿ ನೋಡುತ್ತಿದ್ದೆ. ಸೆಂಟರು ಅಂದರೆ ಹಳೆಯ ಟೈಪಿಂಗ್ ಇನ್‌ಸ್ಟಿಟ್ಯೂಟೇ. ಮೇಷ್ಟ್ರು ಟೈಪ್‌ರೈಟರುಗಳನ್ನು ಒಂದು ಮೂಲೆಗೆ ಪೇರಿಸಿ ಮೂರು ಕಂಪ್ಯೂಟರು ತಂದಿದ್ದರು. ಅವುಗಳೊಳಗೆ ಹೆಸರು ಕೊಡಬೇಕಾದ ಜಾಗದಲ್ಲಿ ರೇಷ್ಮೆ, ಹತ್ತಿ, ಜರಿ ಅಂತ ಇಂಗ್ಲಿಷಿನಲ್ಲಿ ಬರೆದಿದ್ದರು. ಮೋಡೆಮ್ ಇದ್ದದ್ದು ಜರಿಗೆ ಮಾತ್ರ. ಊರಿನ ಯಾರೇ ಇ-ಮೇಲ್ ಕಳಿಸಬೇಕೆಂದರೂ ಜರಿಯ ಮುಂದೆ ಕೂರಬೇಕು, ಎಲ್ಲರಿಗೂ ಸೆಂಟರಿನ ಒಂದೇ ವಿಳಾಸ. ಪಾಸ್‌ವರ್ಡನ್ನು ಮೇಷ್ಟ್ರು ಚೀಟಿಯಲ್ಲಿ ದಪ್ಪಗೆ ಬರೆದು ಮಾನಿಟರಿಗೆ ಅಂಟಿಸಿದ್ದರು.

"ಸಾರ್, ಇದು ಗುಟ್ಟಾಗಿರಬೇಕಲ್ವಾ?" ಅಂತ ಒಂದು ಸಲ ಕೇಳಿದ್ದೆ.

"ಗುಟ್ಟೇ ಕಣಮ್ಮ. ಹೊರಗಡೆಯೋರಿಗೆ ಯಾರಿಗೂ ಹೇಳಿಲ್ಲ ನಾನು."

ಇನ್ನು ಚಿಕ್ಕಮ್ಮ. ಅಮ್ಮನ ತಂಗಿ, ಮದುವೆ ಬೇಡವೆಂದು ನಮ್ಮ ಮನೆಯಲ್ಲೇ ಉಳಿದವರು. ಸೀರೆ ಅಂಚಿನ ಗ್ರಾಫು ಬರೆಯುವುದು ಅವರ ಕೆಲಸ. ಚೌಕಳಿ ಹಾಳೆಯ ಮೇಲೆ ಮನೆ ಮನೆ ತುಂಬಿ ಹೂವೋ ಹಕ್ಕಿಯೋ ಬರೆಯುತ್ತಾರೆ. ಹಾಳೆಯ ಒಂದೊಂದು ಸಾಲಿಗೆ ಒಂದೊಂದು ರಟ್ಟಿನ ಕಾರ್ಡು. ತುಂಬಿದ ಮನೆಗೆ ತೂತು, ಖಾಲಿ ಮನೆಗೆ ಇಲ್ಲ. ಕಾರ್ಡುಗಳನ್ನು ಸರದಂತೆ ಪೋಣಿಸಿ ಮಗ್ಗದ ತಲೆಯ ಮೇಲಿನ ಜಕಾರ್ಡಿಗೆ ಏರಿಸಿದರೆ, ತೂತು ನೋಡಿಕೊಂಡು ಮಗ್ಗ ಎಳೆ ಎತ್ತುತ್ತದೆ. ಹದಿನೈದು ವರ್ಷ ಅವರು ಬೇರೆಯವರು ತಂದುಕೊಟ್ಟ ಸೀರೆ ನೋಡಿ ಗ್ರಾಫು ಬರೆದಿದ್ದರು. ತಮ್ಮದೇ ಅಂತ ಮಾಡಿದ ಮೊದಲ ಅಂಚು ಕೊಕ್ಕರೆಯದು. ಕೆರೆಯಂಚಿನಲ್ಲಿ ಒಂದು ಕಾಲೆತ್ತಿ ನಿಂತ ಕೊಕ್ಕರೆ, ನಲವತ್ತೆಂಟು ಕಾರ್ಡು.

ಆಗ ಅಪ್ಪ ನಾಲ್ಕನೇ ಮಗ್ಗದ ಜಕಾರ್ಡ್ ಇಳಿಸಿಬಿಡುವ ಯೋಚನೆಯಲ್ಲಿದ್ದರು. "ಸಾದಾ ಅಂಚಿಗೆ ಗಿರಾಕಿ ಇದಾರೆ. ಇದ್ರ ಮೇಲೆ ಯಾರ್ದೋ ಹಳೇ ಹೂವು ನೇಯ್ಕೊಂಡು ಎಷ್ಟ್ ದಿನ ಕೂರೋಣ?" ಅನ್ನುತ್ತಿದ್ದರು. ಮೂರು ಮಗ್ಗ ಆಗಲೇ ಸಾದಾ ಆಗಿದ್ದವು. ನಾಲ್ಕನೆಯದೂ ಆದರೆ ಚಿಕ್ಕಮ್ಮನಿಗೆ ಗ್ರಾಫು ಬರೆಯಲು ಮನೆಯಲ್ಲಿ ಮಗ್ಗವೇ ಇಲ್ಲ. ನಮ್ಮಿಂದ ಬಹಳ ವರ್ಷದಿಂದ ಸೀರೆ ಕೊಳ್ಳುವ ಹುಬ್ಬಳ್ಳಿಯ ಅಂಗಡಿಯೊಂದಿತ್ತು. ಅವರು ಯುಗಾದಿ ಕಳೆದ ಸೋಮವಾರ ಮದುವೆ ಕಾಲದ ಅಂಚುಗಳನ್ನು ಆರಿಸುತ್ತಾರೆ. "ಅವ್ರು ಒಪ್ಪಿದ್ರೆ ಇರ್ಲಿ. ಇಲ್ಲಾಂದ್ರೆ ಇಳಿಸ್ತೀನಿ, ಬೇಜಾರ್ ಮಾಡ್ಕೋಬೇಡ," ಅಂತ ಅಪ್ಪ ಚಿಕ್ಕಮ್ಮನಿಗೆ ಹೇಳಿಯಾಗಿತ್ತು. ಕೊಕ್ಕರೆ ಮುಗಿದಾಗ ಸೋಮವಾರಕ್ಕೆ ಆರು ದಿನ ಉಳಿದಿತ್ತು. ಹುಬ್ಬಳ್ಳಿ ಅಂಗಡಿಯವರು ಹೊಸದಾಗಿ ಇಂಟರ್ನೆಟ್ಟಿನಲ್ಲಿ ತಮ್ಮದೇ ಹೆಸರು ತೆಗೆದುಕೊಂಡು, ಅದನ್ನು ತಮ್ಮ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸಿ ಕಳಿಸಿದ್ದರು.

"ಪೋಸ್ಟಲ್ಲಿ ಬೇಡ ಚಿಕ್ಕಮ್ಮ. ನಾನು ಮೇಲ್ ಮಾಡ್ತೀನಿ. ಇಲ್ಲಿ ಒತ್ತಿದ್ರೆ ಅಲ್ಲಿ."

"ದಾರೀಲಿ ಯಾರಾದ್ರೂ ನೋಡಿದ್ರೆ?"

ಈ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ನಮ್ಮ ಕಡೆ ಹೊಸ ಅಂಚು ಮಗ್ಗದ ಮೇಲಿದ್ದರೆ, ನೆಂಟರು ಬಂದರೂ ಅದರ ಮೇಲೆ ಪಂಚೆ ಹೊದಿಸುತ್ತೇವೆ. ಒಬ್ಬರ ಕಣ್ಣಿಗೆ ಬಿದ್ದರೆ ವಾರದಲ್ಲಿ ನಾಲ್ಕು ಬೀದಿಯಲ್ಲಿ ಅದೇ ಅಂಚು. ನಾನು ನಕ್ಕುಬಿಟ್ಟೆ. ನನ್ನ ಉಪಾಯ ಕೇಳಿ: ಚಿತ್ರ ಕಳಿಸಲು ಸೆಂಟರಿನಲ್ಲಿ ಸ್ಕ್ಯಾನರ್ ಇರಲಿಲ್ಲ. ಅದಕ್ಕೆ ಗ್ರಾಫನ್ನೇ ಟೈಪು ಮಾಡುವುದು, ತುಂಬಿದ ಮನೆಗೆ ಇಂಗ್ಲಿಷಿನ ಎಕ್ಸ್, ಖಾಲಿ ಮನೆಗೆ ಚುಕ್ಕಿ. ನಲವತ್ತೆಂಟು ಸಾಲು. ಯಾರು ನೋಡಿದರೂ ಏನು ಗೊತ್ತಾಗುತ್ತದೆ? ಬರೀ ಎಕ್ಸು, ಬರೀ ಚುಕ್ಕಿ!

ಮೊದಲ ದಿನ ಕೆಳಗಿನಿಂದ ಶುರುಮಾಡಿ ಕೊಕ್ಕರೆಯ ಕಾಲು ಮುಗಿಯುವವರೆಗೆ, ಹನ್ನೆರಡು ಸಾಲು ಟೈಪು ಮಾಡಿ, ಸರಿಯಿದೆಯಾ ನೋಡೋಣ ಅಂತ ಒಂದು ಹಾಳೆ ಪ್ರಿಂಟ್ ತೆಗೆದೆ. ನೋಡಿದೆ, ಸರಿಯಿತ್ತು, ಅಲ್ಲೇ ಬಿಟ್ಟು ಬಂದೆ.

ಮಾರನೆಯ ಸಂಜೆ ಅಪ್ಪ ಬಸ್‌ಸ್ಟ್ಯಾಂಡಿನಿಂದ ಹುರಿದ ಕಡಲೆಕಾಯಿ ತಂದರು. ಎಲ್ಲರೂ ಜಗಲಿಯ ಮೇಲೆ ಕೂತು ಸುಲಿಯುತ್ತಿದ್ದೆವು. ಪೊಟ್ಟಣ ಖಾಲಿಯಾದ ಮೇಲೆ ಅಪ್ಪ ಹಾಳೆಯನ್ನು ಬಿಡಿಸಿ, ತೋಳುದ್ದ ದೂರ ಹಿಡಿದು ಕಣ್ಣು ಕಿರಿದು ಮಾಡಿದರು.

"ಇದ್ಯಾವ್ದೋ ಹಕ್ಕಿ ಕಾಲಲ್ವಾ?"

ಚಿಕ್ಕಮ್ಮ ಹಾಳೆ ಕಿತ್ತುಕೊಂಡರು. ಎಣ್ಣೆಗಲೆಯ ನಡುವೆ ನನ್ನ ಎಕ್ಸುಗಳು, ನನ್ನ ಚುಕ್ಕಿಗಳು. ಅವರು ಸಿಪ್ಪೆಗಳನ್ನು ಸೆರಗಿನಿಂದ ಕೊಡವಿಕೊಂಡು ನನ್ನ ಮುಖ ನೋಡಿದರು.

"ಇದೇನೇ ನಿನ್ನ ಗುಟ್ಟು? ನಿಮ್ಮಪ್ಪ ಕನ್ನಡ್ಕ ಇಲ್ದೆ ಓದಿದ್ರು."

ಬೇರೆ ಯಾವ ಊರಿನಲ್ಲಾದರೂ ಆ ಹಾಳೆ ಕಸ. ನಮ್ಮ ಊರಿನಲ್ಲಿ ತುಂಬಿದ ಮನೆ, ಖಾಲಿ ಮನೆ ಕಂಡರೆ ಸಾಕು, ಮಕ್ಕಳೂ ಅದನ್ನು ಗ್ರಾಫು ಅಂತ ಓದುತ್ತಾರೆ. ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ನಾನು ಅದನ್ನೇ ಮರೆತಿದ್ದೆ. ನನಗೆ ಹೊಸದಾಗಿ ಕಂಡದ್ದು ಎಲ್ಲರಿಗೂ ಗೂಢ ಅಂದುಕೊಂಡದ್ದು ನನ್ನ ತಪ್ಪು. ಬೀಗ ಹಾಕದೆ, ಇಲ್ಲಿ ಬಾಗಿಲಿರುವುದು ಯಾರಿಗೂ ಕಾಣುವುದಿಲ್ಲ ಅಂತ ನಂಬಿದ ಹಾಗೆ.

ಮಾರನೆಯ ಬೆಳಿಗ್ಗೆ ಚಿಕ್ಕಮ್ಮ ತಾವಾಗಿಯೇ ಬಿಸ್ಕತ್ತಿನ ಡಬ್ಬಿ ತಂದು ನನ್ನ ಮುಂದಿಟ್ಟರು. ಅದರೊಳಗೆ ತುಂಡುಗಳಿದ್ದವು.

ತುಂಡು ಅಂದರೆ ನಮ್ಮ ಮನೆಯ ಒಂದು ಪದ್ಧತಿ. ಮಗ್ಗಕ್ಕೆ ಉದ್ದಕ್ಕೆ ಏರಿಸಿದ ಹಾಸುನೂಲು ಮುಗಿಯುವಾಗ ಕೊನೆಯಲ್ಲಿ ಗೇಣುದ್ದ ಉಳಿಯುತ್ತದೆ. ಅದರಲ್ಲಿ ಚಿಕ್ಕಮ್ಮ ಎಂಟು ಬಣ್ಣದ ಎಂಟು ಪಟ್ಟೆ ನೇಯಿಸುತ್ತಾರೆ. ಒಂದು ಪಟ್ಟೆಗೆ ಒಂದೇ ಎಳೆ, ಇನ್ನೊಂದಕ್ಕೆ ಎರಡು, ಹೀಗೆ ಎಂಟರವರೆಗೆ; ಯಾವುದು ಮೊದಲು ಯಾವುದು ಆಮೇಲೆ ಅನ್ನುವುದು ಆ ದಿನ ಅವರ ಮನಸ್ಸಿಗೆ ಬಂದಂತೆ. ಆಮೇಲೆ ಅದನ್ನು ಉದ್ದಕ್ಕೆ ಕತ್ತರಿಸಿ ಒಂದು ಪಾಲು ಅಂಗಡಿಯವರಿಗೆ ಕೊಡುತ್ತಾರೆ, ಒಂದು ಡಬ್ಬಿಯಲ್ಲಿರುತ್ತದೆ. ಅಂಗಡಿಯ ಕಡೆಯಿಂದ ಹೊಸ ಮನುಷ್ಯ ಬಂದು "ಮಾಲು ಕೊಡಿ" ಅಂದರೆ ಅವನ ಪಾಲನ್ನು ನಮ್ಮ ಪಾಲಿಗೆ ಹೊಂದಿಸಿ ನೋಡುತ್ತೇವೆ. ಪಟ್ಟೆಗೆ ಪಟ್ಟೆ ಕೂಡಿದರೆ ಒಳಗೆ ಕರೆದು ಕಾಫಿ. ಇಲ್ಲದಿದ್ದರೆ ಜಗಲಿಯ ಮೇಲೆ ಬರೀ ನೀರು.

"ಕಾರ್ಡು ಸರ ಹರಿದು ಬಿದ್ರೆ ಏನ್ ಮಾಡ್ತೀವಿ?" ಅಂತ ಚಿಕ್ಕಮ್ಮ ಕೇಳಿದರು.

"ನಂಬರ್ ನೋಡ್ಕೊಂಡು ಮತ್ತೆ ಪೋಣಿಸ್ತೀವಿ."

"ನಂಬರೇ ಇಲ್ದೇ ಇದ್ರೆ?"

"ಆಗಲ್ಲ. ಕಲಸುಮೇಲೋಗರ."

"ಅಷ್ಟೇ ಕಣೆ. ಕಲಸು. ನಂಬರು ಹುಬ್ಬಳ್ಳಿಯವರ ತುಂಡಲ್ಲಿರ್ಲಿ."

ನಾನು ಅವರ ಕೈ ಹಿಡಿದುಕೊಂಡೆ. ನನ್ನ ಹರಿದ ಪುಸ್ತಕದಲ್ಲಿ ಇಡೀ ಒಂದು ಅಧ್ಯಾಯ ಇದೇ ವಿಷಯ ಇತ್ತು, ನನಗೆ ಅರ್ಥವಾಗದೆ ಬಿಟ್ಟಿದ್ದೆ! ಕಲಸುವ ವಿಧಾನವನ್ನು ಊರಿಗೆಲ್ಲ ಸಾರಿದರೂ ಪರವಾಗಿಲ್ಲ, ಕೀಲಿ ಒಂದು ಗುಟ್ಟಾಗಿದ್ದರೆ ಸಾಕು ಅಂತ ಅದರಲ್ಲಿತ್ತು. ಹಳೆಯ ಕಾರ್ಡುಗಳನ್ನು ನೆಲದ ಮೇಲೆ ಹರಡಿ ಇಬ್ಬರೂ ಆಡಿ ನೋಡಿದೆವು. ಮೊದಲ ಸಾಲು ಮೊದಲ ಗುಡ್ಡೆಗೆ, ಎರಡನೆಯದು ಎರಡನೆಯದಕ್ಕೆ, ಇಸ್ಪೀಟು ಹಂಚಿದ ಹಾಗೆ ಎಂಟು ಗುಡ್ಡೆ. ಒಂಬತ್ತನೆಯ ಸಾಲು ಮತ್ತೆ ಮೊದಲ ಗುಡ್ಡೆಗೆ. ಕೊನೆಗೆ ಗುಡ್ಡೆಗೆ ಆರಾರು. ಆಮೇಲೆ ತುಂಡಿನ ಪಟ್ಟೆ ಎಣಿಸುವುದು. ಮೊದಲ ಪಟ್ಟೆಯಲ್ಲಿ ಮೂರು ಎಳೆ ಇದ್ದರೆ ಮೂರನೆಯ ಗುಡ್ಡೆ ಮೊದಲು. ಎರಡನೆಯದರಲ್ಲಿ ಏಳಿದ್ದರೆ ಏಳನೆಯ ಗುಡ್ಡೆ ಅದರ ಕೆಳಗೆ.

ಗುರುವಾರ ಮಧ್ಯಾಹ್ನ ಇಬ್ಬರೂ ಸೆಂಟರಿಗೆ ಹೋದೆವು. ಚಿಕ್ಕಮ್ಮ ಒಳಗೆ ಬಂದದ್ದು ಅದೇ ಮೊದಲು. ಜರಿಯ ಮುಂದೆ ಕೂತು ನಾನು ಕಲಸಿದ ನಲವತ್ತೆಂಟು ಸಾಲನ್ನೂ, ಅದರ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಮಾತು ಕನ್ನಡವನ್ನೂ ಟೈಪು ಮಾಡಿದೆ: ಎಂಟು ಗುಡ್ಡೆ ಮಾಡಿಕೊಳ್ಳಿ, ಎಣಿಕೆ ನಿಮ್ಮ ತುಂಡಿನಲ್ಲಿದೆ. ಮೋಡೆಮ್ ಕೀರಲು ಶುರುಮಾಡಿತು.

"ಹುಬ್ಬಳ್ಳಿ ಎಲ್ಲಿದೆ ಅಂತ ಇದಕ್ಕೆ ಹೆಂಗೆ ಗೊತ್ತು?"

"ಗೊತ್ತಿಲ್ಲ ಚಿಕ್ಕಮ್ಮ. ಕೇಳ್ಕೊಂಡು ಹೋಗುತ್ತೆ. ಹೊಸಬ್ರು ನಮ್ಮನೆ ಹುಡುಕ್ಕೊಂಡು ಬಂದ್ರೆ ಬಸ್‌ಸ್ಟ್ಯಾಂಡಲ್ಲಿ ಏನಂತಾರೆ? 'ನಮಗ್ಗೊತ್ತಿಲ್ಲ, ಆ ಪೇಟೇಲಿ ಕೇಳಿ' ಅಂತಾರೆ. ಪೇಟೇಲಿ, 'ಆ ಬೀದಿ ಮೂಲೆ ಅಂಗಡೀಲಿ ಕೇಳಿ'. ಮೂಲೆ ಅಂಗಡಿಯೋರು ಮನೆ ತೋರಿಸ್ತಾರೆ. ಇಲ್ಲೂ ಹಂಗೇ. ವಿಳಾಸದ ಕೊನೇಲಿ ಚುಕ್ಕಿ ಆದ್ಮೇಲೆ 'ಕಾಮ್' ಅಂತಿದೆಯಲ್ಲ, ಮೊದ್ಲು ಆ ಪೇಟೆ. ಅವ್ರು ಅಂಗಡಿ ಹೆಸ್ರು ನೋಡ್ಕೊಳ್ಳೋರನ್ನ ತೋರಿಸ್ತಾರೆ. ಇವ್ರು ನಂಬರ್ ಹೇಳ್ತಾರೆ."

"ಪ್ರತಿ ಸಲ ಅಷ್ಟು ದೂರ ಅಲೀಬೇಕಾ?"

"ಹತ್ರದೋರು ಒಂದ್ಸಲ ಕೇಳಿದ್ದನ್ನ ಸ್ವಲ್ಪ ಹೊತ್ತು ನೆನಪಿಟ್ಕೋತಾರೆ. ಆಮೇಲೆ ಬೇಕಂತಲೇ ಮರೀತಾರೆ, ಮತ್ತೆ ಕೇಳ್ತಾರೆ. ಅಪ್ಪನ ಗೋಡೆ ಥರ ಅಲ್ಲ."

"ನಂಬರ್ ಸಿಕ್ತು. ದಾರಿ?"

ದಾರಿಗೆ ನನ್ನ ಹತ್ತಿರ ಇನ್ನೂ ಒಳ್ಳೆಯ ಉದಾಹರಣೆ ಇತ್ತು. ವಿಜಯಪುರದಿಂದ ನಮ್ಮ ಹುರಿ ರೇಷ್ಮೆಯ ಗಂಟು ಬಸ್ಸಿನಲ್ಲಿ ಬರುತ್ತಿತ್ತು. ಅಲ್ಲಿಯವರು ದೇವನಹಳ್ಳಿ ಬಸ್ಸಿಗೆ ಹಾಕುತ್ತಾರೆ. ದೇವನಹಳ್ಳಿ ಸ್ಟ್ಯಾಂಡಿನ ಟೀ ಅಂಗಡಿಯವರು ಇಳಿಸಿಕೊಂಡು, ಮೇಲಿನ ಚೀಟಿಯಲ್ಲಿ ಹೊತ್ತು ಬರೆದು ತಮ್ಮ ಗೀಟು ಹಾಕಿ, ದೊಡ್ಡಬಳ್ಳಾಪುರದ ಬಸ್ಸಿಗೆ ಏರಿಸುತ್ತಾರೆ. ಅವರಿಗೆ ನಮ್ಮ ಮನೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ದೊಡ್ಡಬಳ್ಳಾಪುರದ್ದು ಅಂದರೆ ಯಾವ ಬಸ್ಸು ಅನ್ನುವುದಷ್ಟೇ ಗೊತ್ತು. ನೇರ ದಾರಿಯಲ್ಲಿ ಏನಾದರೂ ತೊಂದರೆಯಾದ ದಿನ ಯಲಹಂಕದ ಮೇಲೆ ಕಳಿಸುತ್ತಾರೆ. ನಮ್ಮ ಸ್ಟ್ಯಾಂಡಿನ ಹೂವಿನ ಅಂಗಡಿಯವರಿಗೆ ಮಾತ್ರ ನಾವು ಗೊತ್ತು. ಇಂಟರ್ನೆಟ್ಟಿನಲ್ಲೂ ನಡುವಿನ ಮಿಷನ್ನುಗಳು ಹೀಗೇ, ಮುಂದಿನ ಸ್ಟ್ಯಾಂಡು ಯಾವುದು ಅಂತ ಮಾತ್ರ ಬಲ್ಲವು. ಅದೂ ಇಡೀ ಗಂಟು ಒಟ್ಟಿಗೆ ಹೋಗುವುದಿಲ್ಲ. ಚಿಕ್ಕ ಚಿಕ್ಕ ಕಾರ್ಡಾಗಿ ಒಡೆದು, ಒಂದೊಂದಕ್ಕೂ ನಂಬರು ಹಾಕಿ ಕಳಿಸುತ್ತವೆ. ಯಾವುದು ಯಾವ ದಾರಿಯಲ್ಲಿ ಹೋದರೂ ಆ ತುದಿಯಲ್ಲಿ ನಂಬರು ನೋಡಿ ಪೋಣಿಸಿಕೊಳ್ಳುತ್ತಾರೆ. ಒಂದು ಕಾರ್ಡು ಕಳೆದರೆ ಅದೊಂದನ್ನೇ ಮತ್ತೆ ಕೇಳುತ್ತಾರೆ.

"ಟೀ ಅಂಗಡಿಯೋನು ಗಂಟು ಬಿಚ್ಚಿ ನೋಡ್ಬಹುದಲ್ಲ?"

"ನೋಡ್ಬಹುದು. ಮೇಲ್ ಅಂದ್ರೆ ಪೋಸ್ಟ್‌ಕಾರ್ಡ್ ಬರೆದಂಗೆ, ಕವರಲ್ಲ. ಅದಕ್ಕೇ ನೀವು ಕಲಸಿದ್ದು."

ಚಿಕ್ಕಮ್ಮ ಮೊದಲ ಸಲ ನಕ್ಕರು. ಮೇಲ್ ಹೋಯಿತು.

ಶುಕ್ರವಾರ ಸಂಜೆ ಮೇಷ್ಟ್ರು ಒಂದು ಪ್ರಿಂಟ್ ಹಿಡಿದು ಮನೆಗೇ ಬಂದರು. ಹುಬ್ಬಳ್ಳಿ ಅಂಗಡಿಯ ಹೆಸರಿನಲ್ಲಿ ಮೇಲ್. ಇಂಗ್ಲಿಷ್ ಅಕ್ಷರದ ಕನ್ನಡ: ನಿಮ್ಮ ಡಿಸೈನ್ ಬಂದಿದೆ. ನಮ್ಮ ಪಾಲಿನ ತುಂಡು ಇಲಿ ಕಡಿದು ಹಾಳಾಗಿದೆ. ಎಣಿಕೆ ಬರೆದು ಕೂಡಲೇ ಕಳಿಸಿ. ಸೋಮವಾರ ಹತ್ತಿರ ಬಂತು. ನಮ್ಮ ಕಂಪ್ಯೂಟರ್ ರಿಪೇರಿಯಲ್ಲಿದೆ, ಉತ್ತರವನ್ನು ಈ ಕೆಳಗಿನ ವಿಳಾಸಕ್ಕೆ ಹಾಕಿ.

ನಾನು ಚಪ್ಪಲಿ ಮೆಟ್ಟಿಯಾಗಿತ್ತು. "ಎಂಟು ನಂಬರು ತಾನೇ ಚಿಕ್ಕಮ್ಮ, ಐದ್ ನಿಮಿಷದಲ್ಲಿ ಕಳಿಸಿ ಬರ್ತೀನಿ."

"ನಿಲ್ಲೇ. ತುಂಡು ಕಳ್ಕೊಂಡೋರು ಎಲ್ಲಾದ್ರೂ ಬಾಯಲ್ಲಿ ಎಣಿಕೆ ಕೇಳ್ತಾರಾ? ಮನುಷ್ಯನ್ನ ಕಳಿಸಿ ಹೊಸ ತುಂಡು ನೇಯಿಸ್ಕೊಂಡು ಹೋಗ್ತಾರೆ. ಹುಬ್ಬಳ್ಳಿಯೋರಿಗೆ ಅಷ್ಟು ಗೊತ್ತಿಲ್ವಾ?"

"ಅವ್ರ ಹೆಸ್ರಿಂದಲೇ ಬಂದಿದೆಯಲ್ಲ! ನೋಡಿ ಇಲ್ಲಿ, ಅಂಗಡಿ ಹೆಸ್ರು."

"ಇನ್‌ಲ್ಯಾಂಡ್ ಲೆಟರ್ ಹಿಂದೆ ಯಾರ್ ಹೆಸ್ರು ಬೇಕಾದ್ರೂ ಬರೀಬಹುದು ಕಣೆ."

ನಾನು ಸೆಂಟರಿಗೆ ಹೋಗಿ ಜರಿಯ ಮುಂದೆ ಕೂತು ಮೊದಲು ಒಂದು ಪರೀಕ್ಷೆ ಮಾಡಿದೆ. ಮೇಲ್ ಪ್ರೋಗ್ರಾಮಿನಲ್ಲಿ "ನಿಮ್ಮ ಹೆಸರು, ನಿಮ್ಮ ವಿಳಾಸ" ಅಂತ ಕೇಳುವ ಜಾಗದಲ್ಲಿ ಮೇಷ್ಟ್ರ ಹೆಸರೂ ದೇಶದ ಪ್ರಧಾನಿಯ ಪದವಿಯೂ ಹಾಕಿ ಸೆಂಟರಿನ ವಿಳಾಸಕ್ಕೇ ಕಳಿಸಿದೆ. ಯಾರೂ ತಡೆಯಲಿಲ್ಲ. ಎರಡು ನಿಮಿಷದಲ್ಲಿ ಪ್ರಧಾನಿ ಮೇಷ್ಟ್ರಿಂದ ಸೆಂಟರಿಗೆ ಮೇಲ್ ಬಂತು.

ಆಮೇಲೆ ಹುಬ್ಬಳ್ಳಿ ಹೆಸರಿನಲ್ಲಿ ಬಂದಿದ್ದ ಮೇಲ್‌ನ ಒಳಗಿನ ಸಾಲುಗಳನ್ನು ತೆಗೆದೆ. ಸಾಮಾನ್ಯವಾಗಿ ಅವು ಕಾಣುವುದಿಲ್ಲ, ಬೇಕೆಂದು ತೆಗೆದರೆ ಕಾಣುತ್ತವೆ. ದೇವನಹಳ್ಳಿ ಟೀ ಅಂಗಡಿಯವರ ಗೀಟಿನ ಹಾಗೆ, ಮೇಲ್ ಕೈ ಬದಲಾಯಿಸಿದ ಪ್ರತಿ ಕಡೆಯೂ ಯಾರಿಂದ ಬಂತು, ಎಷ್ಟು ಹೊತ್ತಿಗೆ ಅಂತ ಒಂದು ಸಾಲು. ಹೊಸದು ಮೇಲೆ, ಹಳೆಯದು ಕೆಳಗೆ. ಕೆಳಗಿನದನ್ನು ಕಳ್ಳರು ತಾವೇ ಸೇರಿಸಿರಬಹುದು, ನಮಗೆ ಪರಿಚಯದವರು ಹಾಕಿದ ಗೀಟನ್ನು ಮಾತ್ರ ನಂಬಬೇಕು ಅಂತ ಪುಸ್ತಕದಲ್ಲಿತ್ತು. ಇಲ್ಲಿ ಇದ್ದದ್ದೇ ಒಂದು ಗೀಟು, ನಮಗೆ ಇಂಟರ್ನೆಟ್ ಕೊಡುವ ಬೆಂಗಳೂರಿನ ಕಂಪನಿಯದು. ಮೇಲ್ ಹುಬ್ಬಳ್ಳಿಯ ಕಡೆ ತಲೆಯನ್ನೂ ಹಾಕಿರಲಿಲ್ಲ. ಬೆಂಗಳೂರಿಗೆ ಹೋಗಿ ಅಲ್ಲಿಂದಲೇ ವಾಪಸು ಬಂದಿತ್ತು. ಕಳಿಸಿದ ಮಿಷನ್ನು ಕಂಪನಿಯ ಮಿಷನ್ನಿಗೆ ಮೊದಲು ತನ್ನ ಹೆಸರು ಹೇಳಿಕೊಳ್ಳುತ್ತದೆ, ಅದೂ ಆ ಸಾಲಿನಲ್ಲೇ ಇತ್ತು. ಚಿಕ್ಕ ಇಂಗ್ಲಿಷ್ ಅಕ್ಷರದಲ್ಲಿ: ಜರಿ.

ನಾನು ಕೂತಿದ್ದ ಕುರ್ಚಿಯಲ್ಲೇ ಕೂತು ಯಾರೋ ಬರೆದದ್ದು. ಗುರುವಾರ ನಾವು ಕಳಿಸಿದ ಮೇಲ್‌ನ ಪ್ರತಿ, "ಕಳಿಸಿದವು" ಅನ್ನುವ ಖಾನೆಯಲ್ಲಿ ಹಾಗೇ ಕೂತಿತ್ತು. ಅಳಿಸಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಪಾಸ್‌ವರ್ಡ್ ಮಾನಿಟರಿನ ಮೇಲೆ.

ಮೇಷ್ಟ್ರು, ಯಾರು ಯಾವಾಗ ಕೂತರು ಅಂತ ಬರೆದಿಡುವ ಪುಸ್ತಕವನ್ನು ತಾವೇ ತಂದು ಮುಂದೆ ಹಿಡಿದರು. "ನೋಡ್ಬಿಡಮ್ಮ, ಯಾರು ಅಂತ ಗೊತ್ತಾಗೋಗ್ಲಿ."

ನನ್ನ ಹಿಂದೆಯೇ ಬಂದಿದ್ದ ಚಿಕ್ಕಮ್ಮ ಆ ಪುಸ್ತಕವನ್ನು ಮುಚ್ಚಿದರು. "ಬೇಡಿ ಮೇಷ್ಟ್ರೇ. ಗೊತ್ತಾದ್ರೆ ನಾಳೆ ಅವ್ರ ಮನೆ ಮದ್ವೆಗೆ ಯಾವ ಮುಖ ಇಟ್ಕೊಂಡು ಹೋಗ್ಲಿ? ಮೊದ್ಲು ಹುಬ್ಬಳ್ಳಿಗೆ ಮುಟ್ತಾ ಕೇಳೋಣ. ಅದು ಮುಖ್ಯ." ಮೇಷ್ಟ್ರು ಮಾನಿಟರಿನ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತರು.

ಶನಿವಾರ ಬೆಳಿಗ್ಗೆ ಹುಬ್ಬಳ್ಳಿಗೆ ಫೋನ್ ಮಾಡುವುದು ಅಂತಾಯಿತು. ಅಪ್ಪ ಗೋಡೆಯ ಕಡೆ ಕೈ ತೋರಿಸಿದರು. ತಿರುಗಿಸಿದೆ, ಆ ನಂಬರು ಬದಲಾಗಿತ್ತು. ಆಗ ಅಂಗಡಿಯ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಅದರಲ್ಲಿ ಅಚ್ಚಾಗಿದ್ದ ನಂಬರು ತಿರುಗಿಸಿದೆ. ಅಂಗಡಿಯ ಯಜಮಾನರೇ ಎತ್ತಿದರು. ರಿಸೀವರನ್ನು ಚಿಕ್ಕಮ್ಮನಿಗೆ ಕೊಟ್ಟು, ನಾನೂ ಕಿವಿ ಹಚ್ಚಿ ನಿಂತೆ.

"ಯಜಮಾನ್ರೇ, ಮೊದ್ಲು ಒಂದ್ ಮಾತು. ನಿಮ್ಮ ತುಂಡು ತಗೊಳ್ಳಿ. ನಾಲ್ಕನೇ ಪಟ್ಟೆ ಯಾವ್ ಬಣ್ಣ?"

"ಏ ತಂಗಿ, ನನ್ನಽ ಪರೀಕ್ಷಾ ಮಾಡ್ತೀಯೇನವಾ?" ಅಂತ ಆ ಕಡೆ ನಗು. "ತಡಿ, ಕಣ್ಣಿಗೆ ಚಾಳೀಸ ಹಾಕ್ಕೋತೇನಿ. ಹಸರ ಐತಿ ನೋಡು. ಅಲ್ಲ ಅಲ್ಲ, ನೀಲಿ. ಐದ ಎಳಿ."

ಚಿಕ್ಕಮ್ಮನ ಕೈಯಲ್ಲಿ ನಮ್ಮ ಪಾಲಿತ್ತು. ನೀಲಿ. ಐದು. ಆಮೇಲೆ ಅವರು, ತುಂಡು ಇಲಿ ಕಡಿದಿದೆ ಅಂತ ಬಂದ ಮೇಲ್ ವಿಷಯ ಕೇಳಿದರು.

"ನಾವ್ ಯಾವ ಮೇಲೂ ಕಳಸಿಲ್ಲವಾ. ನಿಮ್ಮದು ನಿನ್ನೇನಽ ಮುಟ್ಟೇತಿ. ನನ್ನ ಮಗ ಅದನ್ನ ಪ್ರಿಂಟ್ ತಗದ, ಒಂದೊಂದ ಸಾಲು ಕತ್ತರಿಲೆ ಕತ್ತರಿಸಿ ಗಾದಿ ಮ್ಯಾಲೆ ಹರವ್ಯಾನ. ಇಡೀ ಅಂಗಡಿ ಫ್ಯಾನ್ ಬಂದ್ ಮಾಡಿ ಕುಂತೇವಿ, ಹಾರಿ ಹೋದಾವು ಅಂತ."

"ಬಿಡಿಸ್ತಾ?"

"ಬಿಡಿಸೇತಿ. ಕೊಕ್ಕರಿ ಒಂದ ಕಾಲಾಗ ನಿಂತೇತಿ. ಸೋಮವಾರ ಅಣ್ಣ ತಮ್ಮಂದಿರಿಗೆಲ್ಲಾ ತೋರಸ್ತೇನಿ. ನನ್ನ ಕೇಳಿದ್ರ, ಆ ಇನ್ನೊಂದು ಕಾಲು ಎತ್ತೇತಲ್ಲಾ, ಅಲ್ಲಿ ಬಾಳ ಚಲೋ ಆಗೇತಿ."

ಚಿಕ್ಕಮ್ಮ ಫೋನಿಟ್ಟು ತುಂಡನ್ನು ಮಡಿಸಿ ಡಬ್ಬಿಗೆ ಹಾಕಿದರು. ಅಪ್ಪ ಕೇಳಿಸಿಕೊಂಡೂ ಕೇಳಿಸಿಕೊಳ್ಳದವರ ಹಾಗೆ ಮಗ್ಗಕ್ಕೆ ಎಣ್ಣೆ ಬಿಡುತ್ತಿದ್ದರು. ಸೋಮವಾರ ಸಂಜೆ ಹುಬ್ಬಳ್ಳಿಯವರೇ ಫೋನ್ ಮಾಡಿ, ಅಂಚು ಆರಿಸಿದ್ದೇವೆ, ಮೊದಲು ಒಂದು ಸೀರೆ ನೇಯ್ದು ಕಳಿಸಿ ಅಂದರು. ಮಾರನೆಯ ದಿನ ಅಪ್ಪ ಏಣಿ ಹಾಕಿಕೊಂಡು ನಾಲ್ಕನೇ ಮಗ್ಗದ ಜಕಾರ್ಡಿನ ಧೂಳು ಒರೆಸಿದರು. ಇಳಿಸುವ ಮಾತು ಮತ್ತೆ ಬರಲಿಲ್ಲ. ಗೋಡೆಯ ಹುಬ್ಬಳ್ಳಿ ನಂಬರಿನ ಮೇಲೆ ನಾನೇ ಸುಣ್ಣ ಬಳಿದೆ. ಕೋಳಿ ಫಾರಂ ಇರಲಿ ಅಂದರು ಅಪ್ಪ.

ನಾಲ್ಕು ತಿಂಗಳಾಗಿರಬೇಕು. ವಿಜಯಪುರಕ್ಕೆ ಹೋಗಿ ಹುರಿ ರೇಷ್ಮೆಯ ಗಂಟು ಅವತ್ತು ನಾವೇ ತರುತ್ತಿದ್ದೆವು, ಚಿಕ್ಕಮ್ಮ ಮತ್ತು ನಾನು. ದೇವನಹಳ್ಳಿಯಲ್ಲಿ ಬಸ್ಸು ಬದಲಾಯಿಸಿ ಕೂತ ಮೇಲೆ ಮುಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಕೂತರು. ಅವರ ಸೀರೆಯ ಅಂಚು ಸೀಟಿನ ಸಂದಿಯಿಂದ ನಮ್ಮ ಕಡೆ ಇಳಿಬಿದ್ದಿತ್ತು. ಕುಳ್ಳಗೆ, ದಪ್ಪಗೆ, ಕಾಲೇ ಇಲ್ಲದ ಹಾಗೆ ಕೂತ ಹಕ್ಕಿಗಳು, ಒಂದರ ಮೇಲೊಂದು. ಬಾತುಕೋಳಿಗಳ ಹಾಗೆ.

ನನಗೆ ತಟ್ಟನೆ ಹೊಳೆಯಿತು. ನಲವತ್ತೆಂಟು ಸಾಲನ್ನು ಎಂಟು ಗುಡ್ಡೆಗೆ ಹಂಚಿದರೆ ಪ್ರತಿ ಗುಡ್ಡೆಗೂ ಕಾಲಿನ ಸಾಲು ಒಂದೋ ಎರಡೋ, ಹೊಟ್ಟೆಯ ಸಾಲೆರಡು, ಕುತ್ತಿಗೆಯದು ಒಂದೋ ಎರಡೋ, ಕೊಕ್ಕಿನದೊಂದು ಹೋಗಿಯೇ ಹೋಗುತ್ತದೆ. ಒಂದೊಂದು ಗುಡ್ಡೆಯೂ ಆರೇ ಸಾಲಿನ ಕುಳ್ಳ ಕೊಕ್ಕರೆ! ಕಲಸಿದ ಗ್ರಾಫನ್ನು ಯಾರೋ ಹಾಗೇ ಕಾರ್ಡು ಹೊಡೆಸಿ ನೇಯ್ದಿದ್ದರು. ಬಿಡಿಸಲಾಗದೆ ಹಾಗೆ ಮಾಡಿದರೋ, ಇದೇ ಚೆನ್ನಾಗಿದೆ ಅನ್ನಿಸಿತೋ ಗೊತ್ತಿಲ್ಲ.

ಚಿಕ್ಕಮ್ಮ ಗಂಟನ್ನು ನನ್ನ ತೊಡೆಗೆ ದಾಟಿಸಿ ಮುಂದಕ್ಕೆ ಬಾಗಿದರು.

"ಸೀರೆ ಚೆನ್ನಾಗಿದೆ. ಎಲ್ಲಿ ತಗೊಂಡ್ರಿ?"

"ನಮ್ಮ ಯಜಮಾನ್ರು ತಂದ್ರು ಕಣಮ್ಮ, ಎಲ್ಲಿಂದ್ಲೋ. ಎಲ್ರೂ ಕೇಳ್ತಾರೆ, ಇದೇನ್ ಹಕ್ಕಿ ಅಂತ. ನಂಗೂ ಗೊತ್ತಿಲ್ಲ. ಮುದ್ದಾಗೈತೆ ಅಲ್ವಾ?"

"ಮುದ್ದಾಗಿದೆ," ಅಂದರು ಚಿಕ್ಕಮ್ಮ.

ಹಿಂದಕ್ಕೆ ಒರಗಿ, ಆ ಅಂಚಿನ ಮೇಲೆ ಕಣ್ಣಿಟ್ಟು, ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆಟ್ಟು ಓಡಿಸಿಕೊಂಡು, ಮೊದಲ ಹಕ್ಕಿ ಮತ್ತೆ ಬರುವವರೆಗೆ ಎಣಿಸಿದರು. ಬಸ್ಸು ಒಂದು ತಿರುವು ತೆಗೆದುಕೊಂಡಾಗ ಲೆಕ್ಕ ತಪ್ಪಿತು, ಮತ್ತೆ ಮೊದಲಿಂದ ಎಣಿಸಿದರು.

"ಎಂಟು," ಅಂತ ನನ್ನ ಕಿವಿಯಲ್ಲಿ ಹೇಳಿದರು. ಸ್ವಲ್ಪ ದೂರ ಹೋದ ಮೇಲೆ, "ಮುಂದಿನ್ ಸಲಕ್ಕೆ ಬೇರೆ ತುಂಡು ಮಾಡೋಣ ಕಣೆ. ಒಂದೇ ಎಣಿಕೆ ಎರಡು ಸಲ ಬೇಡ," ಅಂದರು. ಇನ್ನೂ ಸ್ವಲ್ಪ ದೂರ ಹೋದ ಮೇಲೆ ಕೇಳಿದರು, "ನಿನ್ನತ್ರ ಪೆನ್ಸಿಲ್ ಇದೆಯಾ?"

ಬಸ್ ಟಿಕೆಟ್ಟಿನ ಹಿಂದೆ ಅವರು ಬಾತುಕೋಳಿ ಬರೆಯಲು ಶುರುಮಾಡಿದರು, ಕಾಲಿನಿಂದ.